ಅಂಜಿಕೆಯನ್ನು ಸೇರಿನಲ್ಲಿ ಅಳೆದವರು

ನನಗೆ ಕೆಲಸ ಕಲಿಸಿದ ಉಸ್ತಾದರು ತೀರಿಕೊಂಡ ಸುದ್ದಿ ಬಂದಾಗ ನಾನು ನೆಲದ ಮೇಲಿದ್ದೆ. ಅದೊಂದು ಪುಣ್ಯ. ಕಂಬದ ಮೇಲಿದ್ದಾಗ ಬಂದಿದ್ದರೆ ಕೈಕಾಲು ಏನಾಗುತ್ತಿದ್ದವೋ, ನೆನೆಸಿಕೊಂಡರೆ ಈಗಲೂ ಅಂಗಾಲು ತಣ್ಣಗಾಗುತ್ತದೆ. ನನ್ನ ಜೊತೆಯಲ್ಲೇ ಕೆಲಸ ಕಲಿತ ನಾಲತವಾಡದ ಮಲ್ಲುವಿನ ಬೈಕಿನಲ್ಲಿ ಇಬ್ಬರೂ ತಾಳಿಕೋಟೆಗೆ ಹೋದೆವು. ಮಲ್ಲು ಗಂಡಸರೊಂದಿಗೆ ಮಣ್ಣಿಗೆ ಹೋದ. ನಾನು ಅಂಗಳದಲ್ಲಿ ಹೆಂಗಸರ ನಡುವೆ ಕೂತೆ.

ಪಕ್ಕದ ಮನೆಯ ಮುದುಕಿಯೊಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಭಾಳ ಧೈರ್ಯದ ಮನಷಾ ನೋಡವಾ. ಆಕಾಶಕ್ಕ ಏರಿ ಕೆಲಸಾ ಮಾಡಿ ಬಂದಾಂವ. ಒಂದ ದಿನಾನೂ ಅಂಜಲಿಲ್ಲ" ಎಂದಳು.

ನನಗೆ ಎಲ್ಲಿಂದ ಬಂತೋ ಸಿಟ್ಟು. "ಇಲ್ರಿ ಆಯಿ, ಅವರು ದಿನಾ ಅಂಜತಿದ್ರು" ಎಂದುಬಿಟ್ಟೆ.

ಸತ್ತ ಮನೆಯಲ್ಲಿ ಕೂತು ಸತ್ತವರನ್ನೇ ಅಂಜುಬುರುಕ ಅನ್ನುವ ಈ ಹುಡುಗಿ ಯಾರು ಅಂತ ಎಲ್ಲರೂ ನನ್ನ ಮುಖ ನೋಡಿದರು. ಬಿಡಿಸಿ ಹೇಳಲು ಅದು ಸಮಯವಾಗಿರಲಿಲ್ಲ. ಈಗ ಹೇಳುತ್ತೇನೆ.

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳದ ಕಡೆ ಬಸ್ಸಿನಲ್ಲಿ ಹೋದವರು ಅವನ್ನು ನೋಡಿಯೇ ಇರುತ್ತೀರಿ. ಎರೆಮಣ್ಣಿನ ಹೊಲಗಳ ನಡುವೆ ನಿಂತ ಬಿಳಿ ಕಂಬಗಳು, ತುದಿಯಲ್ಲಿ ಮೂರು ರೆಕ್ಕೆ. ಗಾಳಿಯಿಂದ ಕರೆಂಟು ತೆಗೆಯುವ ಯಂತ್ರಗಳು ಅವು. ನಮ್ಮ ಜನ ಫ್ಯಾನು ಅನ್ನುತ್ತಾರೆ. ದೂರದಿಂದ ಚೆಂದ ಕಾಣುತ್ತವೆ. ಬುಡದಲ್ಲಿ ನಿಂತು ತಲೆಯೆತ್ತಿ ನೋಡಬೇಕು ನೀವು. ಮೋಡ ಸರಿಯುತ್ತಿದ್ದರಂತೂ ಕಂಬವೇ ವಾಲಿ ಮೈಮೇಲೆ ಬರುತ್ತಿದೆ ಅನ್ನಿಸುತ್ತದೆ. ನನಗೆ ಇವತ್ತಿಗೂ ಅನ್ನಿಸುತ್ತದೆ.

ಫ್ಯಾನು ನಮ್ಮ ಹೊಲದಲ್ಲಿ ನಿಂತಿದ್ದರೂ ಅದನ್ನು ಏರುವವರು ನಮ್ಮವರಾಗಿರಲಿಲ್ಲ. ಒಂದು ಕೆಟ್ಟು ನಿಂತರೆ ರಿಪೇರಿಗೆ ಹೊರ ರಾಜ್ಯದಿಂದ ಜನ ಬರಬೇಕು. ಅವರು ಬರುವ ತನಕ, ಆಷಾಢದ ಗಾಳಿ ಹೊಡೆಯುತ್ತಿದ್ದರೂ, ಅದು ಸುಮ್ಮನೆ ನಿಂತಿರುತ್ತಿತ್ತು. ನಮ್ಮಲ್ಲಿ ಐಟಿಐ ಮುಗಿಸಿದ ಹುಡುಗರು ಅದೇ ಫ್ಯಾನಿನ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು ಕಾವಲು ಕಾಯುತ್ತಿದ್ದರು. ಉಸ್ತಾದರೊಬ್ಬರೇ ಇಲ್ಲಿಯವರು. ಹರೆಯದಲ್ಲಿ ಗದಗ, ಚಿತ್ರದುರ್ಗದ ಗುಡ್ಡಗಳಲ್ಲಿ ಕೆಲಸ ಕಲಿತು, ತಲೆಗೂದಲು ಬೆಳ್ಳಗಾಗುವ ಹೊತ್ತಿಗೆ ಊರ ಹತ್ತಿರ ಬಂದಿದ್ದರು. ಬಂದವರೇ ಸೈಟಿನ ಸಾಹೇಬರ ಬೆನ್ನು ಹತ್ತಿದರಂತೆ.

"ಸಾಹೇಬ್ರ, ನಮ್ಮ ಹುಡುಗ್ರು ಸಾಲ್ಯಾಗ ಬೋಲ್ಟ ಬಿಗಿಯು ಪಾನಾದ ಚಿತ್ರಾ ನೋಡ್ಯಾರ, ಕೈಯಾಗ ಹಿಡದಿಲ್ಲ. ಕಲತದ್ದಕ್ಕೂ ಕೆಲಸಕ್ಕೂ ನಡುವ ಒಂದ ಹಳ್ಳ ಐತಿ, ದಾಟಸವ್ರು ಯಾರೂ ಇಲ್ಲ. ಒಂದ ವರ್ಷ ಅಪ್ರೆಂಟಿಸ್ ಅಂತ ನನ್ನ ಕೈಯಾಗ ಕೊಡ್ರಿ. ಆಮ್ಯಾಲ ನೀವು ಯಾರನ್ನೂ ರೈಲಿನಾಗ ಕರಸೂದ ಬ್ಯಾಡ."

ಸಾಹೇಬರು ಪುಣೆ ಕಡೆಯವರು, ಒಳ್ಳೆಯವರು. ಕಂಪನಿಯ ದೊಡ್ಡವರನ್ನು ಹೇಗೋ ಒಪ್ಪಿಸಿದರು. ಆದರೆ ಷರತ್ತು ಬಿತ್ತು. ಮೊದಲ ತಂಡ ನೆಟ್ಟಗೆ ಕಲಿತರೆ ಮುಂದೆ ಇಂಡಿ, ಸಿಂದಗಿ ಕಡೆಯಿಂದ ಇನ್ನೊಂದು ತಂಡ ತೆಗೆದುಕೊಳ್ಳುತ್ತಾರೆ. ಒಬ್ಬರಿಗೆ ಪೆಟ್ಟಾದರೂ ಬಾಗಿಲು ಬಂದ್, ಮತ್ತೆ ಹೊರಗಿನವರೇ. ಆ ಮೊದಲ ತಂಡದಲ್ಲಿ ನಾನಿದ್ದೆ.

ನಾನು ಸಿಂದಗಿ ತಾಲೂಕಿನ ಕನ್ನೊಳ್ಳಿಯವಳು. ಹುಟ್ಟಾ ಅಂಜುಬುರುಕಿ. ನಾಯಿ ಬೊಗಳಿದರೆ ಓಣಿ ಬದಲಾಯಿಸುವವಳು. ಐಟಿಐ ಮಾಡಿದ್ದು ಅಪ್ಪನ ಹಟಕ್ಕೆ. ಅಪ್ಪ ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ. ಸರ್ಟಿಫಿಕೇಟು ಟ್ರಂಕಿನಲ್ಲಿತ್ತು, ಅವ್ವ ನನಗೆ ಗಂಡು ನೋಡಲು ಶುರುಮಾಡಿದ್ದಳು. ಅಷ್ಟರಲ್ಲಿ ಈ ಆಯ್ಕೆಯ ಸುದ್ದಿ ಬಂತು. ಹೋಗಿ ನೋಡಿದರೆ ಟೇಬಲ್ಲಿನ ಆಚೆ ಸಾಹೇಬರು, ಅವರ ಪಕ್ಕದಲ್ಲಿ ಸಣ್ಣ ದೇಹದ, ಗಡ್ಡಕ್ಕೆ ಮೆಹಂದಿ ಹಚ್ಚಿದ ಒಬ್ಬ ಮನುಷ್ಯ. ಸಾಹೇಬರು ಓಮ್ಸ್ ಲಾ ಕೇಳಿದರು, ನಾನು ಹೇಳಿದೆ. ಗಡ್ಡದವರು ಕೇಳಿದ್ದು ಒಂದೇ: "ಅಂಜಿಕಿ ಬರ್ತೈತೇನ್ ನಿನಗ?"

ನನಗಿಂತ ಮುಂಚೆ ಹೋದ ಹುಡುಗರೆಲ್ಲ ಎದೆಯುಬ್ಬಿಸಿ "ಇಲ್ರಿ" ಅಂದು ಬಂದಿದ್ದರು. ನನಗೆ ಸುಳ್ಳು ಹೊಳೆಯಲಿಲ್ಲ. "ಬಾವಿ ಇಣಕಿ ನೋಡಾಕೂ ಅಂಜ್ತೇನ್ರಿ" ಎಂದೆ.

"ಸಾಹೇಬ್ರ, ಈಕಿನ್ನ ಬರಕೋರಿ" ಎಂದರು ಉಸ್ತಾದರು.

ಅವ್ವ ಆ ರಾತ್ರಿ ಊಟ ಮಾಡಲಿಲ್ಲ. "ಯಾವ ಮನಷ್ಯಾನವ್ವಾ ಅವ, ಅಂಜು ಹುಡುಗೀನ್ನ ಆರಿಸಿ ಮ್ಯಾಲ ಏರಸ್ತಾನ?" ಅಂತ ಬೈದಳು. ನನಗೂ ಅದೇ ಅನ್ನಿಸಿತ್ತು, ಬಾಯಿಬಿಟ್ಟು ಹೇಳಲಿಲ್ಲ ಅಷ್ಟೇ.

ಕೆಲಸದ ಮೊದಲ ಬೆಳಿಗ್ಗೆ ಕಂಬದ ಬುಡದಲ್ಲಿರುವ ಕಬ್ಬಿಣದ ಬಾಗಿಲ ಮುಂದೆ ನಮ್ಮನ್ನು ನಿಲ್ಲಿಸಿದರು. "ಇವತ್ತ ಯಾರ ಹಂತೇಲಿ ಎಷ್ಟ ಸೇರ ಅಂಜಿಕಿ ಐತಿ? ಅಳದ ಹೇಳ್ರಿ."

ನಾವು ನಕ್ಕೆವು. ಅವರು ನಗಲಿಲ್ಲ. ಅವರ ಅಪ್ಪ ತಾಳಿಕೋಟೆ ಸಂತೆಯಲ್ಲಿ ಕಾಳು ಅಳೆದು ಮಾರುತ್ತಿದ್ದರಂತೆ. ಹಾಗಾಗಿ ಇವರಿಗೆ ಎಲ್ಲವೂ ಸೇರು, ಪಾವು ಸೇರಿನ ಲೆಕ್ಕ. ಪಾವು ಸೇರು, ಅಂದರೆ ಕಾಲು ಸೇರು, ಅಂಜಿಕೆ ಇದ್ದರೆ ಏರಬಹುದು. ಅರ್ಧ ಸೇರಿದ್ದರೆ ಇನ್ನೊಬ್ಬರ ಹಿಂದೆ ಏರಬೇಕು. ಸೇರು ತುಂಬಿದ್ದರೆ ಕೂತು ಚಹಾ ಕುಡಿದು ಆಮೇಲೆ ಏರಬೇಕು. "ಏನೂ ಇಲ್ಲ" ಅಂದವರು ಮಾತ್ರ ಆ ದಿನ ಏಣಿ ಮುಟ್ಟುವ ಹಾಗಿಲ್ಲ, ಕೆಳಗೇ ಇರಬೇಕು. ಕೇಳುವ ಕೆಲಸ ಸರದಿಯ ಮೇಲೆ. ಒಂದು ದಿನ ನಾನು, ಇನ್ನೊಂದು ದಿನ ಮಲ್ಲು, ಹೀಗೆ. ಯಾರ ಸರದಿಯೋ ಅವರ ಮಾತೇ ಅಂದಿನ ಹುಕುಂ. ಉಸ್ತಾದರೂ ನಮ್ಮ ಸಾಲಿನಲ್ಲೇ ನಿಂತು ಉತ್ತರ ಹೇಳುತ್ತಿದ್ದರು.

ಮೊದಲ ಸಲ ಅವರನ್ನು ಕೇಳಿದಾಗ "ಅರ್ಧ ಸೇರು. ಮೊಣಕಾಲಾಗ ಐತಿ" ಎಂದರು. ಇಷ್ಟು ವರ್ಷ ಏರಿದ ಮನುಷ್ಯ! ಇವರಿಗೇ ಅಷ್ಟು ಇದ್ದರೆ ನನ್ನ ಗತಿಯೇನು?

ಕಂಬದ ಒಳಗೆ ಏಣಿ ಇರುತ್ತದೆ. ಸುತ್ತ ಕಬ್ಬಿಣದ ಗೋಡೆ, ಮೇಲೆ ಕತ್ತಲು, ಕೆಳಗೆ ಕತ್ತಲು. ಬೆಲ್ಟಿನ ಕೊಂಡಿಯನ್ನು ಏಣಿಯ ಪಕ್ಕದ ತಂತಿಗೆ ಸಿಕ್ಕಿಸಿಕೊಂಡು ಏರಬೇಕು. ಹೊರಗೆ ಗಾಳಿ ಬೀಸಿದರೆ ಕಂಬ ಗುಂಯ್ ಅನ್ನುತ್ತದೆ, ಮೆಲ್ಲಗೆ ತೂಗುತ್ತದೆ ಕೂಡ. ತೂಗುತ್ತದೆ ಅಂತ ನನಗೆ ಮೊದಲೇ ಯಾರೂ ಹೇಳಿರಲಿಲ್ಲ. ನಡುವೆ ಎಲ್ಲೋ ಅದು ತೂಗಿತು, ನಾನು ಅಲ್ಲೇ ಏಣಿಗೆ ಅಂಟಿಕೊಂಡೆ. ಮೇಲೂ ಹೋಗಲಾರೆ, ಕೆಳಗೂ ಬರಲಾರೆ. ಸತ್ತೆ ಅಂತಲೇ ಅಂದುಕೊಂಡೆ, ಮತ್ತೇನು.

ನನ್ನ ಕಾಲ ಕೆಳಗೆ ಉಸ್ತಾದರ ದನಿ ಕೇಳಿಸಿತು. "ತಂಗಿ, ಅಂಜಬ್ಯಾಡ ಅಂತ ಹೇಳಾಂವಲ್ಲ ನಾ. ಎಲ್ಲಿ ಐತಿ, ಅದನ್ನ ಹೇಳು."

"ಎಲ್ಲಾ ಕಡೆ ಐತ್ರಿ."

"ಸುಳ್ಳು. ಹುಡುಕಿ ಹೇಳು. ಒಂದ ಕಡೆ ಹೆಚ್ಚಿರತೈತಿ."

ಹುಡುಕಿದೆ. ಕಣ್ಣು ಮುಚ್ಚಿಕೊಂಡು, ಆ ಕತ್ತಲಲ್ಲಿ, ನನ್ನ ಮೈಯಲ್ಲಿ ಅಂಜಿಕೆ ಎಲ್ಲಿದೆ ಅಂತ ಹುಡುಕಿದೆ. "ಅಂಗೈಯಾಗ ಐತ್ರಿ. ಜಾರತಾವು."

"ಹಂಗಾರ ಒಂದ ಕೈ ಬಿಟ್ಟು ಪ್ಯಾಂಟಿಗೆ ಒರಸ್ಕೋ. ಆಮ್ಯಾಲ ಇನ್ನೊಂದ. ಕೊಂಡಿ ಹಿಡಕೊಂಡೈತಿ ನಿನ್ನ, ನೀ ಬಿದ್ದರೂ ಅದು ಬಿಡಂಗಿಲ್ಲ."

ಒರೆಸಿಕೊಂಡೆ. ಏರಿದೆ. ಅದರಲ್ಲೇನು ಪವಾಡವಿಲ್ಲ. ಎಲ್ಲಿದೆ ಅಂತ ಗೊತ್ತಾದ ಮೇಲೆ ಅದಕ್ಕೆ ಏನಾದರೂ ಮಾಡಲು ಬರುತ್ತಿತ್ತು, ಅಷ್ಟೇ. ಕೆಳಗಿಳಿದು ಬಂದ ಮೇಲೆ ಕಂಬದ ಮರೆಗೆ ಹೋಗಿ ವಾಂತಿ ಮಾಡಿಕೊಂಡೆ. ಉಸ್ತಾದರು ನೋಡಿಯೂ ನೋಡದವರಂತೆ ಬಾಟಲಿ ನೀರು ಅಲ್ಲಿಟ್ಟು ಹೋದರು.

ಮಲ್ಲು ಬೇರೆ ಥರದವನು. ಗೌಡರ ಮನೆಯ ಹುಡುಗ, ಮೀಸೆ ಆಗಷ್ಟೇ ಬಂದಿತ್ತು. ಮೊದಲ ದಿನ "ಏನೂ ಇಲ್ರಿ" ಅಂದ, ಕೆಳಗೆ ಕೂತು ಬೋಲ್ಟು ಒರೆಸಿದ. ಮರುದಿನವೂ ಅಂದ, ಮತ್ತೆ ಒರೆಸಿದ. ಆಮೇಲೆ ಜಾಣನಾದ. ಯಾವ ಉತ್ತರಕ್ಕೆ ಏಣಿ ಸಿಗುತ್ತದೆ ಅಂತ ನೋಡಿಕೊಂಡು ದಿನಾ "ಪಾವು ಸೇರು" ಅನ್ನತೊಡಗಿದ, ಸಾಲೆಯಲ್ಲಿ ಹಾಜರಿ ಹೇಳಿದ ಹಾಗೆ. ಹೀಗೆ ಕೆಲವು ದಿನ ನಡೆಯಿತು. ಒಂದು ಬೆಳಿಗ್ಗೆ ಕೇಳುವ ಸರದಿ ಉಸ್ತಾದರದು.

"ಪಾವು ಸೇರು" ಎಂದ ಮಲ್ಲು.

"ಎಲ್ಲಿ ಐತಿ?"

ಮಲ್ಲು ತನ್ನ ಮೈ ನೋಡಿಕೊಂಡ. "ಇಲ್ಲೇ... ಐತಲ್ರಿ."

"ಎಲ್ಲೆಪಾ? ಜೇಬಿನ್ಯಾಗೇನ?"

ನಾವು ಬಿದ್ದು ಬಿದ್ದು ನಕ್ಕೆವು. ಉಸ್ತಾದರಿಗೆ ಮಾತ್ರ ನಗು ಬರಲಿಲ್ಲ. ಮಲ್ಲುವಿನ ಹತ್ತಿರ ಹೋಗಿ ಅವನ ಬೆಲ್ಟು ತಾವೇ ಬಿಚ್ಚಿದರು. "ಮಗನ, ಅಂಜಿಕಿ ಇದ್ದಾಂವ ಕೊಂಡಿ ಎರಡ ಸಲ ಜಗ್ಗಿ ನೋಡ್ತಾನ. ಇಲ್ಲದಾಂವ ಒಮ್ಮೆನೂ ನೋಡಂಗಿಲ್ಲ. ನನ್ನ ಸಂಗಾಟ ಕಲತಾಂವ ಒಬ್ಬ ಹಂಗ ನೋಡಲಾರದ ಬಿದ್ದ ಹ್ವಾದ. ನಾ ಕೆಳಗ ನಿಂತಿದ್ದೆ." ಅಂದಿನಿಂದ ಮಲ್ಲು ನಿಜವಾಗಿ ಅಂಜಲು ಶುರುಮಾಡಿದ.

ಅವರ ಬಗ್ಗೆ ಇನ್ನೂ ಏನೇನೋ ನೆನಪಾಗುತ್ತದೆ. ಪಾನಾ, ಅಂದರೆ ಸ್ಪ್ಯಾನರನ್ನು ಮುಟ್ಟುವ ಮೊದಲು ಉಂಗುರ ತೆಗೆದು ಬಾಯಿಯಲ್ಲಿ ಹಿಡಿಯುತ್ತಿದ್ದರು. ಆಗ ಬೈದರೆ ನಮಗೆ ಅರ್ಧ ತಿಳಿಯುತ್ತಿರಲಿಲ್ಲ. ಬೋಲ್ಟು ಬಿಗಿ ಮಾಡಿದ ಮೇಲೆ ಬಿಗಿಯಾದ ಗುರುತಿಗೆ ಅದರ ತಲೆಗೆ ಬಣ್ಣದ ಗೆರೆ ಎಳೆಸುತ್ತಿದ್ದರು. ಗೆರೆ ಸೊಟ್ಟಗಾದರೆ ಒರೆಸಿ ಮತ್ತೆ ಎಳೆಸುತ್ತಿದ್ದರು. "ಮುಂದ ಬರಾಂವ ಇದನ್ನ ನೋಡಿ ನಂಬತಾನ" ಅನ್ನುತ್ತಿದ್ದರು. ಯಾವ ಬೋಲ್ಟಿಗೆ ಎಷ್ಟು ಬಿಗಿ ಅಂತ ಸಾಹೇಬರನ್ನು ಕೇಳಿಕೊಂಡು ಬಂದು ನಮಗೆ ಹೇಳುತ್ತಿದ್ದರು, ಮರೆತರೆ ನಾಚಿಕೆಯಿಲ್ಲದೆ ಮತ್ತೆ ಹೋಗಿ ಕೇಳುತ್ತಿದ್ದರು.

ಮತ್ತೆ ಆ ಫೋನು. ಕೆಳಗಿಳಿದ ಕೂಡಲೇ, ಬೆಲ್ಟು ಬಿಚ್ಚುವ ಮೊದಲು, ಮನೆಗೆ ಫೋನು ಮಾಡಿ ಒಂದೇ ಮಾತು: "ಇಳದೆ." ಅಷ್ಟೇ, ಇಟ್ಟುಬಿಡುತ್ತಿದ್ದರು.

ರಂಜಾನ್ ಹಬ್ಬಕ್ಕೆ ನಮ್ಮನ್ನೆಲ್ಲ ಮನೆಗೆ ಕರೆದಾಗ ಅವರ ಹೆಂಡತಿಯನ್ನು ನೋಡಿದೆ. ಖಾಲಾ ಅನ್ನುತ್ತಿದ್ದೆವು ನಾವು, ಚಿಕ್ಕಮ್ಮ ಅಂದ ಹಾಗೆ. ಧಡೂತಿ ಹೆಂಗಸು, ಮಾತಿನ ಮಲ್ಲಿ. ನನ್ನ ಬಟ್ಟಲಿಗೆ ಶಾವಿಗೆಯ ಸುರಕುಂಬಾ ಸುರಿಯುತ್ತ ಹೇಳಿದಳು: "ಆ ಫೋನ್ ಬರೂತನಕಾ ನಾ ಒಲಿಮ್ಯಾಲ ಹಂಚ ಇಡಂಗಿಲ್ಲ ನೋಡ್ ಬೇಟಿ. ಲಗ್ನ ಆದಾಗಿಂದ ಹಿಂಗ. ಒಮ್ಮೆ ಫೋನ್ ಕೆಟ್ಟಿತ್ತು. ಸಂಜಿಮಟಾ ಉಪಾಸ ಕುಂತೆ. ಬಂದ ಮ್ಯಾಲ ಲಟ್ಟಣಿಗಿ ತಗೊಂಡ ಹೊಡದೇನಿ, ಖರೇನ." ಉಸ್ತಾದರು ಬಾಗಿಲಲ್ಲಿ ನಿಂತು, "ಹೊಡದಾಳ್ರಿ, ಖರೇನ" ಎಂದರು. ಇಬ್ಬರೂ ಅದನ್ನು ಎಷ್ಟು ಸಂತೋಷದಿಂದ ಹೇಳಿದರು ಅಂತೀರಿ!

ನಮ್ಮ ಅಪ್ರೆಂಟಿಸ್ ವರ್ಷ ಮುಗಿಯುತ್ತ ಬಂದಿತ್ತು. ಮೇಲೆ ಸಿಕ್ಕಿಬಿದ್ದವರನ್ನು ಇಳಿಸುವುದು, ಬೆಂಕಿ ಆರಿಸುವುದು, ಎಲ್ಲ ಪರೀಕ್ಷೆಗಳೂ ಆಗಿದ್ದವು. ನಾನೂ ಮಲ್ಲುವೂ ಸ್ವತಂತ್ರವಾಗಿ ಏರಬಹುದು ಅಂತ ಸಾಹೇಬರು ಬರೆದುಕೊಟ್ಟಿದ್ದರು. ಆ ಹೊತ್ತಿಗೆ ಖಾಲಾ ಹೋಗಿಬಿಟ್ಟಳು. ಜ್ವರ ಅಂತ ಮಲಗಿದವಳು ಏಳಲಿಲ್ಲ.

ಉಸ್ತಾದರು ಬೇಗನೆ ಕೆಲಸಕ್ಕೆ ಮರಳಿದರು. ಮನೆಯಲ್ಲಿ ಕೂತು ಏನು ಮಾಡಲಿ ಅಂದರು. ನಮ್ಮೊಡನೆ ಮೊದಲಿನ ಹಾಗೆಯೇ ಇದ್ದರು, ಕೆಟ್ಟ ಜೋಕುಗಳನ್ನೂ ಹೇಳುತ್ತಿದ್ದರು. ಬೆಳಿಗ್ಗೆ ಸಾಲಿನಲ್ಲಿ ನಿಂತು "ಪಾವು ಸೇರು" ಅನ್ನುತ್ತಿದ್ದರು. ಮರುದಿನವೂ ಪಾವು ಸೇರು. ಅದರ ಮರುದಿನವೂ. ಕೆಳಗಿಳಿದ ಮೇಲೆ ಫೋನು ಜೇಬಿನಿಂದ ತೆಗೆಯುತ್ತಿದ್ದರು, ನೋಡುತ್ತಿದ್ದರು, ಜೇಬಿಗೇ ಹಾಕಿಕೊಳ್ಳುತ್ತಿದ್ದರು. ನನಗೆ ಏನೋ ಸರಿಯಿಲ್ಲ ಅನ್ನಿಸುತ್ತಿತ್ತು. ಏನು ಅಂತ ತಿಳಿಯುತ್ತಿರಲಿಲ್ಲ.

ತಿಳಿದ ದಿನ ಇವತ್ತಿಗೂ ಕನಸಿನಲ್ಲಿ ಬರುತ್ತದೆ.

ಏಣಿ ಮುಗಿದ ಮೇಲೆ, ರೆಕ್ಕೆಗಳ ಹಿಂದೆ ಒಂದು ಕೋಣೆಯಿರುತ್ತದೆ, ಯಂತ್ರವೆಲ್ಲ ಅದರೊಳಗೆ. ನಾವು ಅದಕ್ಕೆ ಡಬ್ಬಿ ಅನ್ನುತ್ತಿದ್ದೆವು. ಅದರ ಮಾಳಿಗೆಯ ಬಾಗಿಲು ತೆರೆದು ಹೊರಗೆ ಹೋದರೆ ಬಯಲು, ಹಿಡಿಯಲು ಸಣ್ಣ ಕಂಬಿ, ಆಮೇಲೆ ಬರೀ ಗಾಳಿ. ಅಲ್ಲಿ ಎರಡು ಕೊಂಡಿ. ಒಂದನ್ನು ಬಿಚ್ಚುವ ಮೊದಲು ಇನ್ನೊಂದನ್ನು ಮುಂದಕ್ಕೆ ಸಿಕ್ಕಿಸಿರಬೇಕು. ಉಸ್ತಾದರು ನಮಗೆ ಹೇಳಿಕೊಟ್ಟ ಮೊದಲ ಪಾಠ ಅದು. ಅಂದು ಅವರು ದೀಪ ಬದಲಿಸಲು ಹೊರಗೆ ಹೋಗಿದ್ದರು. ನಾನು ಸ್ಕ್ರೂ ಕೊಡಲು ಬಾಗಿಲಿನಿಂದ ತಲೆ ಹೊರಗೆ ಹಾಕಿದೆ.

ಅವರು ಅಂಚಿನಲ್ಲಿ ತಾಳಿಕೋಟೆಯ ದಿಕ್ಕಿಗೆ ಮುಖ ಮಾಡಿ ನಿಂತಿದ್ದರು. ಎರಡೂ ಕೊಂಡಿಗಳು ಅವರ ತೊಡೆಯ ಪಕ್ಕ ಜೋತಾಡುತ್ತಿದ್ದವು. ಗಾಳಿಗೆ ಒಂದಕ್ಕೊಂದು ತಾಗಿ ಟಿಣ್ ಟಿಣ್ ಅನ್ನುತ್ತಿದ್ದವು.

ಕೂಗಿದರೆ ಬೆಚ್ಚಿ ಬಿದ್ದರೆ? ಕೂಗದಿದ್ದರೆ? "ಉಸ್ತಾದ," ಎಂದೆ, ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ, "ಕೊಂಡಿ ನೋಡ್ರಿ."

ಅವರು ಕೆಳಗೆ ನೋಡಿಕೊಂಡರು, ಅದು ಬೇರೆ ಯಾರದೋ ಅನ್ನುವ ಹಾಗೆ. "ಹೌದಲಾ" ಎಂದರು. ಅವಸರವಿಲ್ಲದೆ ಸಿಕ್ಕಿಸಿಕೊಂಡರು. ಮುಖದಲ್ಲಿ ಗಾಬರಿಯ ಒಂದು ಗೆರೆ ಇರಲಿಲ್ಲ. ನಾನು ಡಬ್ಬಿಯೊಳಗೆ ಕುಸಿದು ಕೂತು ಬಾಯಿಗೆ ಕೈ ಒತ್ತಿಕೊಂಡು ಅತ್ತೆ.

ಮಲ್ಲುವಿಗೆ ಹೇಳಿದೆ. ಅವನ ಮುಖ ಬಿಳಿಚಿತು. "ಸಾಹೇಬ್ರಿಗೆ ಹೇಳಿದ್ರ ಅವರನ್ನ ಮನಿಗೆ ಕಳಸ್ತಾರ. ಮನ್ಯಾಗ ಯಾರ್ ಅದಾರವಾ ಅವರಿಗೆ?" ಎಂದ. ಹೇಳದಿದ್ದರೆ? ಅವರು ಬಿದ್ದರೆ ಅವರೂ ಹೋದರು, ಇಂಡಿ ಸಿಂದಗಿಯಲ್ಲಿ ಕಾಯುತ್ತ ಕೂತ ಹುಡುಗರ ದಾರಿಯೂ ಹೋಯಿತು. ಆ ರಾತ್ರಿ ನಾನು ರೊಟ್ಟಿ ಮುಟ್ಟಲಿಲ್ಲ. ಅವರು ಏರುವುದನ್ನು ನೋಡುವುದು ನಾನು ಏರುವುದಕ್ಕಿಂತ ಹೆದರಿಕೆಯ ಕೆಲಸ ಅಂತ ಗೊತ್ತಾಗಿತ್ತು.

ಆಮೇಲೆ ಎರಡು ದಿನ ಗಾಳಿ ಜೋರಾಗಿ ಯಾರೂ ಏರಲಿಲ್ಲ. ನಾನು ಆ ಗಾಳಿಗೆ ಕೈಮುಗಿದೆ. ಅದು ಇಳಿದ ದಿನ ಗುಡ್ಡದ ಅಂಚಿನ ಫ್ಯಾನು ನಿಂತಿತ್ತು. ಗಾಳಿಯ ದಿಕ್ಕು ನೋಡುವ ಸೆನ್ಸರ್ ಕೆಟ್ಟಿತ್ತು, ಅದಿರುವುದು ಡಬ್ಬಿಯ ಮೇಲೆ, ಹೊರಗೆ. ನಮ್ಮ ಹಣೆಬರಹಕ್ಕೆ ಅಂದೇ ಕಂಪನಿಯ ದೊಡ್ಡವರು ಬಂದು ನಿಂತಿದ್ದರು. ಎರಡನೆಯ ತಂಡ ಬೇಕೋ ಬೇಡವೋ ಅಂತ ನಮ್ಮ ಕೆಲಸ ನೋಡಿ ಹೇಳುವವರು. ಮಧ್ಯಾಹ್ನಕ್ಕೆ ಗಾಳಿ ಮತ್ತೆ ಏಳುತ್ತದೆ, ಅಷ್ಟರೊಳಗೆ ಇಳಿದಿರಬೇಕು. ಉಸ್ತಾದರು ಬೆಲ್ಟು ಕಟ್ಟಿಕೊಂಡು ಮುಂದೆ ನಿಂತಿದ್ದರು. ಕೇಳುವ ಸರದಿ ನನ್ನದು.

"ಮಲ್ಲು?"

"ಅರ್ಧ ಸೇರು. ಹೊಟ್ಯಾಗ."

"ಉಸ್ತಾದ?"

"ಪಾವು ಸೇರು" ಎಂದು ಬಾಗಿಲ ಕಡೆ ತಿರುಗಿಯೇಬಿಟ್ಟರು.

ಏಣಿಯ ಮೇಲೆ ಸಿಕ್ಕಿಕೊಂಡ ದಿನವೂ ನಾನು ಅಷ್ಟು ಅಂಜಿರಲಿಲ್ಲ. ನನಗೆ ಪಾನಾ ಹಿಡಿಯಲು ಕಲಿಸಿದವರು. ಅವರ ಮರ್ಯಾದೆ ಎಲ್ಲರೆದುರು ನನ್ನ ನಾಲಿಗೆಯ ಮೇಲಿತ್ತು.

"ಎಲ್ಲಿ ಐತ್ರಿ?" ಎಂದೆ.

ಅವರು ನಿಂತರು. ತಿರುಗಿ ನನ್ನನ್ನು ನೋಡಿದರು. ಮಲ್ಲು ನೆಲ ನೋಡತೊಡಗಿದ. ಜೇಬಿನ್ಯಾಗೇನ ಅಂತ ನಗುವವರು ಅಂದು ಯಾರೂ ಇರಲಿಲ್ಲ.

ಉಸ್ತಾದರು ಬಲಗೈಯನ್ನು ಮೊಣಕಾಲಿಗೆ ತಂದರು. ಅಲ್ಲಿ ಸ್ವಲ್ಪ ಹೊತ್ತು ಹಿಡಿದರು. ಹೊಟ್ಟೆ ಮುಟ್ಟಿಕೊಂಡರು. ಅಂಗೈಗಳನ್ನು ಒಂದಕ್ಕೊಂದು ಉಜ್ಜಿ ನೋಡಿದರು, ಒಣಗಿದ್ದವು. ಕೊನೆಗೆ ಎದೆಯ ಮೇಲೆ ಕೈಯಿಟ್ಟುಕೊಂಡು ಮಗುವಿನ ಹಾಗೆ ನನ್ನ ಮುಖ ನೋಡಿದರು.

"ಹುಡುಕಾಕತ್ತೇನಿ ತಂಗಿ. ಸಿಗವಲ್ದು."

ಎದೆಯ ಮೇಲಿನ ಕೈಯನ್ನು ಕೆಳಗಿಳಿಸಿದರು.

"ಆಕಿ ಹೋದಾಗಿಂದ ಇಲ್ಲ. ಇಳದ ಮ್ಯಾಲ ಯಾರಿಗೆ ಹೇಳ್ಲಿ ಅಂತ... ಇಲ್ಲವ್ವಾ. ಏನೂ ಇಲ್ಲ."

ದೊಡ್ಡವರು ಹಿಂದಿಯಲ್ಲಿ, ಏನು ತಡ, ಅಂತ ಸಾಹೇಬರನ್ನು ಕೇಳಿದರು. ಸಾಹೇಬರಿಗೆ ನಮ್ಮ ಪದ್ಧತಿ ಗೊತ್ತಿತ್ತು. ಅವರು ನನ್ನ ಕಡೆ ನೋಡಿದರು. ಹುಕುಂ ನನ್ನದಲ್ಲವೇ.

"ಇವತ್ತ ನೀವು ಏರಬ್ಯಾಡ್ರಿ" ಎಂದೆ. "ಕೆಳಗ ಇರ್ರಿ."

ಉಸ್ತಾದರು ತಲೆಯಾಡಿಸಿದರು. ಬೆಲ್ಟು ಬಿಚ್ಚಿ ಮಡಚಿ ಕಟ್ಟೆಯ ಮೇಲಿಟ್ಟರು. ಆಮೇಲೆ ನನ್ನ ಹತ್ತಿರ ಬಂದು ನನ್ನ ಬೆಲ್ಟಿನ ಪಟ್ಟಿ ಒಂದೊಂದಾಗಿ ಜಗ್ಗಿ ನೋಡಿದರು, ಕೊಂಡಿಗಳನ್ನು ಎರಡೆರಡು ಸಲ ಜಗ್ಗಿದರು.

"ನಿಂದ ಎಷ್ಟ ಐತಿ?"

"ಸೇರ ಮೀರೇತ್ರಿ."

"ಹಂಗಾರ ಚಹಾ ಕುಡಿ."

ದೊಡ್ಡವರು ಗಡಿಯಾರ ನೋಡಿಕೊಳ್ಳುತ್ತ ನಿಂತಿರುವಾಗ ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿದೆ. ಉಸ್ತಾದರು ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಪೂರ್ತಿ ಮುಗಿಯುವ ತನಕ ಕಾಯ್ದರು.

ಏರಿದೆವು. ಮಲ್ಲು ಹಿಂದೆ, ನಾನು ಮುಂದೆ. ಕೆಳಗಿನಿಂದ ಉಸ್ತಾದರ ದನಿ ಬರುತ್ತಿರಲಿಲ್ಲ, ಅದೇ ದೊಡ್ಡ ಅಂಜಿಕೆ. ಡಬ್ಬಿಯ ಬಾಗಿಲು ತೆರೆದು ಹೊರಗೆ ಮೈ ಹಾಕಿದಾಗ ಗಾಳಿ ಹೆಲ್ಮೆಟ್ಟನ್ನು ಹಿಂದಕ್ಕೆ ಎಳೆಯಿತು. ಒಂದು ಕೊಂಡಿ. ಇನ್ನೊಂದು ಕೊಂಡಿ. ಜಗ್ಗಿ ನೋಡಿದೆ, ಮತ್ತೆ ಜಗ್ಗಿ ನೋಡಿದೆ. ಮೊಣಕಾಲಿನ ಮೇಲೆಯೇ ತೆವಳಿದೆ. ಯಾರು ನೋಡಿ ನಕ್ಕರೂ ನಗಲಿ. ಹಳೆಯ ಸೆನ್ಸರ್ ಬಿಚ್ಚುವಾಗ ಒಂದು ಸ್ಕ್ರೂ ತುಕ್ಕು ಹಿಡಿದು ಅಲುಗಲಿಲ್ಲ. ಎಣ್ಣೆ ಬಿಟ್ಟು ಕಾಯಬೇಕಾಯಿತು. ಕಾಯುವಾಗ ಒಮ್ಮೆ, ಒಮ್ಮೆಯೇ, ಕೆಳಗೆ ನೋಡಿದೆ. ದೊಡ್ಡವರೆಲ್ಲ ಜೀಪಿನ ನೆರಳಿಗೆ ಸರಿದಿದ್ದರು. ಬಿಸಿಲಲ್ಲಿ ಒಂದೇ ಒಂದು ಚುಕ್ಕೆ ನಿಂತಿತ್ತು. ನಾನು ಹೊರಗಿದ್ದಷ್ಟು ಹೊತ್ತೂ ಅದು ಅಲುಗಲಿಲ್ಲ.

ಹೊಸದನ್ನು ಕೂಡಿಸಿದೆ. ಬೋಲ್ಟಿಗೆ ಬಣ್ಣದ ಗೆರೆ ಎಳೆದೆ. ಸೊಟ್ಟಗಾಯಿತು. ಒರೆಸಿ ಮತ್ತೆ ಎಳೆದೆ.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ, ಕೊನೆಗೆ ಹೇಳಬೇಕಾದದ್ದು ಬೇರೆ ಇದೆ. ಎರಡನೆಯ ತಂಡ ಬಂತು. ಇಂಡಿಯಿಂದ ಬಂದವರಲ್ಲಿ ಇಬ್ಬರು ಹುಡುಗಿಯರು. ಈಗ ಇಲ್ಲಿ ಫ್ಯಾನು ಕೆಟ್ಟರೆ ಹೊರಗಿನವರಿಗಾಗಿ ಕಾಯುವುದಿಲ್ಲ, ಅಂದೇ ಏರುತ್ತೇವೆ. ಅವ್ವ ಗಂಡು ನೋಡುವುದನ್ನು ಬಿಟ್ಟಿಲ್ಲ, ಆದರೆ ಬಂದವರಿಗೆ ಮೊದಲೇ "ನಮ್ಮ ಹುಡುಗಿ ಫ್ಯಾನ್ ಏರ್ತಾಳ್ರಿ" ಅಂತ ಹೇಳುತ್ತಾಳೆ. ಉಸ್ತಾದರು ಮತ್ತೆ ಏರಲಿಲ್ಲ. ಕೊನೆಯ ತನಕ ಬುಡದಲ್ಲಿ ನಿಂತು, ಏರುವ ಮಕ್ಕಳ ಬೆಲ್ಟು ಜಗ್ಗಿ ನೋಡುತ್ತಿದ್ದರು.

ಸೆನ್ಸರ್ ಕೂಡಿಸಿದ ಆ ದಿನ ಏಣಿಯ ಕೊನೆಯ ಮೆಟ್ಟಿಲಿಂದ ಕಾಲು ನೆಲಕ್ಕೆ ತಾಗಿದಾಗ ಅವರು ಕಬ್ಬಿಣದ ಬಾಗಿಲಲ್ಲೇ ನಿಂತಿದ್ದರು. ನಾನು ಬೆಲ್ಟು ಬಿಚ್ಚಲಿಲ್ಲ. ಮೊದಲು, "ಉಸ್ತಾದ, ಇಳದೇನ್ರಿ" ಎಂದೆ.

ಅವರ ಮುಖ ಸುಣ್ಣದ ಹಾಗಿತ್ತು. ಅಂಗಿ ಬೆವತು ಬೆನ್ನಿಗೆ ಅಂಟಿತ್ತು. ಬಾಟಲಿಯ ಮುಚ್ಚಳ ತೆಗೆದು ನನಗೆ ನೀರು ಕೊಡಲು ನೋಡಿದರು. ಬೆರಳು ನಡುಗಿ ಮುಚ್ಚಳ ತಿರುಗಲೇ ಇಲ್ಲ. ನಾನು ಬಾಟಲಿ ತೆಗೆದುಕೊಂಡು ಆ ಕೈಯನ್ನೇ ಹಿಡಿದುಕೊಂಡೆ. ಅಂಗೈ ತೊಯ್ದಿತ್ತು.

"ಎಷ್ಟ ಐತ್ರಿ?" ಎಂದೆ. ಸರದಿ ಇನ್ನೂ ನನ್ನದೇ ಇತ್ತು.

"ಅಳತಿ ಮೀರೇತಿ."

"ಎಲ್ಲಿ ಐತ್ರಿ?"

"ಅಂಗೈಯಾಗ ಐತಿ, ಹೊಟ್ಯಾಗ ಐತಿ, ಮೊಣಕಾಲ ನಿಂದರವಲ್ವು," ಎಂದು ಅಲ್ಲೇ ಏಣಿಯ ಬುಡಕ್ಕೆ ಕುಸಿದು ಕೂತರು. ಗಡ್ಡದ ಮೇಲೆ ಕಣ್ಣೀರು ಇಳಿಯುತ್ತಿತ್ತು. "ನೀ ಆ ಬಾಗಲಾ ತಗದ ಹೊರಗ ಬಂದಿ ನೋಡು, ಆವಾಗ ಬಂತು. ಬಂತು ತಂಗಿ, ಬಂತು."